ಬಾಯ್ಲರ್‌ನಿಂದ ಆಲೆಮನೆಗೆ

1955ರ ಜುಲೈ 21. ಸ್ಕಾಟ್ಲೆಂಡಿನ ರೆನ್‌ಫ್ರೂ ಎಂಬಲ್ಲಿನ ಬಾಯ್ಲರ್ ಕಾರ್ಖಾನೆಗೆ ಕಾರುಗಳ ಡಿಕ್ಕಿ ತುಂಬ ಗೆಡ್ಡೆಗಳು ಬಂದವು; ಎಲ್ಲವೂ ಹೆಂಗಸರ ಹೊಟ್ಟೆಯಿಂದ ಆಪರೇಷನ್ ಮಾಡಿ ತೆಗೆದವು. ತಂದವರು ಗ್ಲಾಸ್ಗೋದ ಹೆರಿಗೆ ತಜ್ಞ ಇಯಾನ್ ಡೊನಾಲ್ಡ್. ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರಕ್ಕೆ ಮಾಂಸದ ಒಳಗೂ ಕಂಡೀತೇ ಎಂಬ ಕುತೂಹಲ ಅವರಿಗೆ. ಹೋಲಿಸಿ ನೋಡಲು ಇರಲಿ ಎಂದು ಕಾರ್ಖಾನೆಯವರು ದೊಡ್ಡದೊಂದು ದನದ ಮಾಂಸದ ತುಂಡನ್ನೂ ತರಿಸಿಟ್ಟಿದ್ದರಂತೆ! ನೀರುಗೆಡ್ಡೆಯೇ ಬೇರೆ, ಗಟ್ಟಿಗೆಡ್ಡೆಯೇ ಬೇರೆ ಎಂದು ಯಂತ್ರ ತೋರಿಸಿಕೊಟ್ಟಿತು. ಎಂಜಿನಿಯರ್ ಟಾಮ್ ಬ್ರೌನ್ ಜೊತೆಯಾದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಬಂತು.

ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆಯೇ, ಅವಳಿಯೇ, ಕೂಸು ಅಡ್ಡಡ್ಡ ಮಲಗಿದೆಯೇ? ಹೆರಿಗೆಯ ದಿನ ರಕ್ತ ಹರಿದ ಮೇಲೆ ತಿಳಿಯುತ್ತಿದ್ದದ್ದು ಮೊದಲೇ ತಿಳಿಯುವಂತಾಯಿತು. ಡೊನಾಲ್ಡ್ ಗರ್ಭಪಾತದ ಕಡುವಿರೋಧಿ. ಬ್ರಿಟನ್ನಿನ 1967ರ ಗರ್ಭಪಾತ ಕಾನೂನನ್ನು ಬಹಿರಂಗವಾಗಿ ವಿರೋಧಿಸಿದವರು. ಅವರು 1987ರಲ್ಲೇ ತೀರಿಕೊಂಡರು. ಅದೇ ಯಂತ್ರ ಹಿಡಿದು ಮಂಡ್ಯದಲ್ಲಿ ಭ್ರೂಣಹತ್ಯೆ ನಡೆಸಿದ ಸುದ್ದಿ ಕೇಳುವ ಸಂಕಟ ಅವರಿಗೆ ಬರಲಿಲ್ಲ.

ಯಂತ್ರ ಕುಗ್ಗುತ್ತಾ ಬಂದು ಬ್ಯಾಗಿನೊಳಗೆ ಕೂರುವಷ್ಟಾಯಿತು. ನಮ್ಮಲ್ಲಿ ಅದು ಕೂಸಿಗಿಂತ ಕೂಸಿನ ಲಿಂಗ ನೋಡುವುದಕ್ಕೇ ಹೆಚ್ಚು ಹೆಸರಾದಾಗ 1994ರಲ್ಲಿ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಬಂತು, 1996ರಲ್ಲಿ ಜಾರಿಯಾಯಿತು. 2012ರ ನಿಯಮ ಒಯ್ಯಬಹುದಾದ ಯಂತ್ರವನ್ನೂ ಕಟ್ಟಿಹಾಕಿತು: ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಒಳರೋಗಿಗಳಿಗೆ, ಇಲ್ಲವೇ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬೇಕು.

ಕಳ್ಳರಿಗೆ ಆವರಣದ ಹಂಗೆಲ್ಲಿ? 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ತಡೆದ ಒಂದು ಕಾರಿನಿಂದ ಭ್ರೂಣಲಿಂಗ ಪತ್ತೆಯ ಜಾಲ ಬಿಚ್ಚಿಕೊಳ್ಳುತ್ತಾ ಹೋಯಿತು. ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ! ಸುಮಾರು 900 ಭ್ರೂಣಹತ್ಯೆಗಳೆಂದು ಪೊಲೀಸರು ಹೇಳಿದರು. ಜಾಗ ಹುಡುಕಿದವನ ಬುದ್ಧಿ ನೋಡಿ. ಆಲೆಮನೆಯೆಂದರೆ ಹೊತ್ತಲ್ಲದ ಹೊತ್ತಿನಲ್ಲೂ ಒಲೆ ಉರಿಯುವ, ಹೊರಊರಿನ ಆಳುಗಳು ಓಡಾಡುವ ಜಾಗ. ಕಬ್ಬಿನ ಗದ್ದೆಯ ನಡುವೆ ಕಾರೊಂದು ನಿಂತರೆ ಬೆಲ್ಲಕ್ಕೆ ಬಂದವರಿರಬೇಕು ಅಂದುಕೊಳ್ಳುತ್ತಾರೆ ಜನ. ಕೊಪ್ಪರಿಗೆಯ ಬಿಸಿಬೆಲ್ಲ ಬಾಯಿಗಿಟ್ಟುಕೊಂಡು ಬೆಳೆದ ನಮ್ಮಂಥವರಿಗೆ ಇದು ಇನ್ನೂ ನುಂಗಲಾಗದ ಮಾತು. ಮುಂದಿನ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಸಿಕ್ಕಿದ್ದು ಇನ್ನೂ ಹೇಸಿಗೆ: ಅಲ್ಲಿ ದಾಳಿಯಾದದ್ದು ಆರೋಗ್ಯ ಇಲಾಖೆಯದೇ ವಸತಿಗೃಹದ ಮೇಲೆ.

ನನಗೆ ಸಿಟ್ಟು ಬರುವುದು ಯಂತ್ರದ ಮೇಲಲ್ಲ, ಅದು ಹಿಡಿದ ದಾರಿಯ ಮೇಲೆ. ಹೆಣ್ಣು ಬೇಡವೆಂದವರಿಗೆ ಅದು ಗದ್ದೆಬದುವಿನವರೆಗೂ ನಡೆದುಬಂತು. ಕೆ.ಆರ್.ಪೇಟೆ ತಾಲ್ಲೂಕಿನ ಸಂತೇಬಾಚಹಳ್ಳಿ ಕಡೆಯ ಬಸುರಿ ಮಾತ್ರ ಮಾಸು ಎಲ್ಲಿದೆಯೆಂದು ತಿಳಿಯಲು ಇವತ್ತಿಗೂ ಪೇಟೆಯ ಬಸ್ಸು ಹತ್ತಬೇಕು. ಅಲ್ಲಿ ಸ್ಕ್ಯಾನಿಂಗ್ ಮಾಡುವ ಡಾಕ್ಟರಿಲ್ಲದಿದ್ದರೆ ಮೈಸೂರಿನ ಬಸ್ಸು.