ಯಂತ್ರಗಳ ಮಾತಿಗೂ ವ್ಯಾಕರಣ ಬೇಕು

"ವ್ಯಾಕರಣ ಕಲಿತು ಮುಂದೆ ಏನು ಉಪಯೋಗ, ಸರ್?" ಎಂದು ಪ್ರತಿ ವರ್ಷವೂ ಒಂಬತ್ತನೆಯ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ. "ಶುದ್ಧವಾಗಿ ಬರೆಯಲು ಬರುತ್ತದೆ" ಎಂದು ಹೇಳಿ ನಾವು ಪಾಠ ಮುಂದುವರಿಸುತ್ತಿದ್ದೆವು. ಈಗ ನಮಗೆ ಅದಕ್ಕಿಂತ ಒಳ್ಳೆಯ ಉತ್ತರವೊಂದು ದೊರೆತಿದೆ. ಅದನ್ನು ನಮಗೆ ಕಲಿಸಿದ್ದು ಒಂದು ಸೊನ್ನೆ.

ನಡೆದದ್ದು ಇಷ್ಟು. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ವಿದ್ಯಾರ್ಥಿವೇತನ ಮಂಜೂರಾಗಿತ್ತು. ತಂದೆ ಸೊಲ್ಲಾಪುರದ ಮಗ್ಗದ ಕಾರಖಾನೆಯಲ್ಲಿ ದುಡಿಯುವವರು, ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ತರಗತಿಯ ಎಲ್ಲ ಮಕ್ಕಳ ವಿವರಗಳನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ತುಂಬಿ ಕಳುಹಿಸಿದವರು ನಾವೇ. ಉಳಿದ ಮಕ್ಕಳಿಗೆ ಹಣ ಬಂದಿತು, ಈಕೆಗೆ ಬರಲಿಲ್ಲ. ತಿಂಗಳುಗಳು ಉರುಳಿದವು. "ಸಾಲಿ ಸಾಕು, ಬೀಡಿ ಕಟ್ಟಲಿ" ಎಂಬ ಮಾತು ಆ ಮನೆಯಲ್ಲಿ ಎದ್ದಿತು. ವಿಚಾರಿಸಲಾಗಿ, ಅವಳ ಬ್ಯಾಂಕ್ ಖಾತೆಯ ಸಂಖ್ಯೆ 14 ಅಂಕಿಗಳದು. ನಾವು ಕಳುಹಿಸಿದ ಕಡತದಲ್ಲಿ 13 ಅಂಕಿಗಳಷ್ಟೇ ಇದ್ದವು. ಮೊದಲಿನ ಸೊನ್ನೆ ಕಾಣೆಯಾಗಿತ್ತು! ಸೊನ್ನೆಯನ್ನು ನಾವು ಒತ್ತಿದ್ದು ನಿಜ. ಆದರೆ ಕೋಷ್ಟಕವು ಅದನ್ನು ಎಣಿಕೆಯ ಸಂಖ್ಯೆಯೆಂದು ತಿಳಿದು, "ಸಂಖ್ಯೆಯ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ" ಎಂಬ ಗಣಿತದ ನಿಯಮದಂತೆ ತೆಗೆದುಹಾಕಿತ್ತು. ಕಣ್ಣಾಡಿಸದೆ ಕಳುಹಿಸಿದ್ದು ನಮ್ಮ ತಪ್ಪು. ಆ ಕಡತವನ್ನು ಸ್ವೀಕರಿಸಿದ ಯಂತ್ರವೂ ಚಕಾರವೆತ್ತಲಿಲ್ಲ.

ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆಂದು ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಪುಣೆಯಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದಾರೆ. ಅವರ ಮುಂದೆ ಈ ಗೋಳನ್ನು ತೋಡಿಕೊಂಡಾಗ, "ಸರ್, ಇದು ನೀವು ಕಲಿಸುವ ವಿಷಯವೇ" ಎಂದು ನಕ್ಕು ವಿವರಿಸಿದರು. ಅವರಿಂದ ತಿಳಿದದ್ದನ್ನೂ ಬಳಿಕ ನಾವೇ ಓದಿಕೊಂಡದ್ದನ್ನೂ ಇಲ್ಲಿ ಹೇಳುತ್ತೇವೆ.

ಸೊಲ್ಲಾಪುರ ರೈಲು ನಿಲ್ದಾಣದ ಮುಂಗಡ ಟಿಕೆಟಿನ ಕಿಟಕಿಯನ್ನು ನೀವು ನೋಡಿರಬಹುದು. ಗಾಡಿಯ ಸಂಖ್ಯೆ, ದಿನಾಂಕ, ಹೊರಡುವ ಊರು, ಸೇರುವ ಊರು, ಪ್ರಯಾಣಿಕರ ಹೆಸರು, ವಯಸ್ಸು ಇವನ್ನು ಚೀಟಿಯಲ್ಲಿ ತುಂಬಿ ಕಿಟಕಿಯೊಳಗೆ ಕೊಡಬೇಕು. ಒಳಗಿನ ಕಚೇರಿ ಹೇಗೆ ನಡೆಯುತ್ತದೆಂಬುದು ನಮಗೆ ಬೇಕಿಲ್ಲ. ಚೀಟಿ ಸರಿಯಿದ್ದರೆ ಟಿಕೆಟು ಬರುತ್ತದೆ, ಇಲ್ಲವಾದರೆ ಚೀಟಿಯೇ ಹಿಂದಿರುಗುತ್ತದೆ. ಒಂದು ಕಂಪ್ಯೂಟರಿನ ತಂತ್ರಾಂಶವು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವುದೂ ಇಂಥ ಕಿಟಕಿಯಿಂದಲೇ. ಆ ಕಿಟಕಿಗೆ ಎ.ಪಿ.ಐ. ಎಂದು ಹೆಸರು. ಚೀಟಿಯನ್ನು ಕೊಡುವ, ಉತ್ತರವನ್ನು ಪಡೆಯುವ ಪದ್ಧತಿಗೆ ಎಚ್.ಟಿ.ಟಿ.ಪಿ. ಎನ್ನುತ್ತಾರೆ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಮಂಡಿಸಿದ ಯೋಜನೆಯಿಂದ ಬೆಳೆದು ಬಂದ ಪದ್ಧತಿಯಿದು.

ಪ್ರತಿಯೊಂದು ವಿನಂತಿಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಏನು ಮಾಡಬೇಕೆಂಬ ಕ್ರಿಯೆ, ಯಾರಿಗೆ ಎಂಬ ವಿಳಾಸ, ಒಳಗಿನ ಬರಹ ಯಾವ ರೂಪದ್ದೆಂದು ತಿಳಿಸುವ ತಲೆಬರಹ, ಹಾಗೂ ಒಕ್ಕಣೆ. ಉತ್ತರದ ಮೊದಲಿಗೇ ಮೂರಂಕಿಯ ಸಂಕೇತವೊಂದು ಇರುತ್ತದೆ. 200 ಎಂದರೆ ಕೆಲಸವಾಯಿತು. 400 ಎಂದರೆ ನಿನ್ನ ವಿನಂತಿಯಲ್ಲಿ ದೋಷವಿದೆ. 404 ಎಂದರೆ ಕೇಳಿದ್ದು ಇಲ್ಲಿಲ್ಲ. 500 ಎಂದರೆ ದೋಷ ನಮ್ಮಲ್ಲೇ ಇದೆ.

ಇಲ್ಲಿಯೇ ಒಂದು ತೊಡಕು ಇದೆ. ಈ ಒಕ್ಕಣೆ ಬಹುಮಟ್ಟಿಗೆ ಬರಿಯ ಅಕ್ಷರಗಳ ಸಾಲಾಗಿ ಸಾಗಿ ಬರುತ್ತದೆ. ಅದರಲ್ಲಿ ಯಾವುದು ಎಣಿಕೆ, ಯಾವುದು ಹೆಸರು, ಯಾವುದು ದಿನಾಂಕ ಎಂಬುದನ್ನು ಪಡೆದವನು ತೀರ್ಮಾನಿಸಬೇಕು. ಆ ತೀರ್ಮಾನ ತಪ್ಪಿದರೆ ಅನರ್ಥ. ಸೊಲ್ಲಾಪುರದ ದೂರವಾಣಿ ಸಂಕೇತ 0217. ಅದನ್ನು ಎಣಿಕೆಯೆಂದು ತಿಳಿದರೆ 217 ಆಗಿ ಕೆಡುತ್ತದೆ. 17 ಅಂಕಿಗಳ ಖಾತೆ ಸಂಖ್ಯೆಯ ಗತಿ ಇನ್ನೂ ವಿಚಿತ್ರ. ಜಾವಾಸ್ಕ್ರಿಪ್ಟ್ ಎಂಬ ಬಹುಬಳಕೆಯ ಭಾಷೆಯ ಸಾಮಾನ್ಯ ಸಂಖ್ಯೆಯು 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ತಪ್ಪಿಲ್ಲದೆ ಹಿಡಿದಿಡಬಲ್ಲದು. ಅದನ್ನು ಮೀರಿದರೆ ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗಬಹುದು. ಖಾತೆ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲ. ಅಂಕಿಗಳಲ್ಲಿ ಬರೆದಿದ್ದರೂ ಅದು ಗುಣದಲ್ಲಿ ಒಂದು ಹೆಸರೇ ಸರಿ.

ಈಗ ವ್ಯಾಕರಣಕ್ಕೆ ಬರೋಣ. "ಹುಡುಗಿ ಬಂದನು" ಎಂದು ಒಬ್ಬರು ಬರೆದರೆ, ಯಾರು ಬಂದರೆಂದು ಬಾಗಿಲಿಗೆ ಹೋಗಿ ನೋಡದೆಯೇ ವಾಕ್ಯ ತಪ್ಪೆಂದು ನೀವು ಹೇಳುತ್ತೀರಿ. ಹೇಗೆ? ನಾಮಪದದ ಲಿಂಗಕ್ಕೂ ಕ್ರಿಯಾಪದದ ರೂಪಕ್ಕೂ ಹೊಂದಿಕೆಯಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪದಗಳನ್ನು ವಿಂಗಡಿಸಿ ಲಕ್ಷಣ ಹೇಳಿದ್ದರಿಂದಲೇ ಇಂಥ ನಿರ್ಣಯ ಸುಲಭವಾಗುತ್ತದೆ. ತಂತ್ರಾಂಶದ ಭಾಷೆಯಲ್ಲಿ ಇಂಥ ವಿಂಗಡಣೆಗೆ ಟೈಪ್ ಅಥವಾ ಪ್ರಕಾರ ಎನ್ನುತ್ತಾರೆ. ಕಂಪೈಲರ್ ಎಂಬ ಪರೀಕ್ಷಕನು ಬರೆದ ತಂತ್ರಾಂಶವನ್ನು ಓಡಿಸುವ ಮುನ್ನವೇ ಓದಿ, ಹೆಸರು ಇರಬೇಕಾದಲ್ಲಿ ಎಣಿಕೆಯನ್ನು ಇಟ್ಟಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾನೆ. ಹೀಗೆ ಪರೀಕ್ಷಿಸಬರುವಂತೆ ಬರೆದ ವಿನಂತಿಯನ್ನು ಪ್ರಕಾರ-ಸುರಕ್ಷಿತ ವಿನಂತಿ ಎನ್ನಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಮೊದಲೇ ಅಗಳಿ ಹಾಕುವುದು ಲೇಸಲ್ಲವೆ?

ಇದನ್ನು ಸಾಧಿಸುವ ಬಗೆ ಹೇಗೆ? ಮೊದಲು ಕಿಟಕಿಯ ಎರಡೂ ಕಡೆಯವರು ಸೇರಿ ಒಪ್ಪಂದವೊಂದನ್ನು ಬರೆಯಬೇಕು. ನಮ್ಮ ವಿದ್ಯಾರ್ಥಿನಿಯ ಅರ್ಜಿಗೆ ಅದು ಹೀಗಿರಬಹುದು:

ಹೆಸರು – ಅಕ್ಷರಗಳ ಸಾಲು, ಖಾಲಿ ಇರಕೂಡದು.
ಹುಟ್ಟಿದ ದಿನ – ದಿನಾಂಕ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ.
ಖಾತೆ ಸಂಖ್ಯೆ – ಅಕ್ಷರಗಳ ಸಾಲು. 14 ಅಂಕಿಗಳು, ಹೆಚ್ಚಲ್ಲ ಕಡಿಮೆಯಲ್ಲ.
ಬ್ಯಾಂಕ್ ಶಾಖೆಯ ಸಂಕೇತ – 11 ಅಕ್ಷರಗಳು, ಐದನೆಯದು ಸೊನ್ನೆ.
ವಾರ್ಷಿಕ ಆದಾಯ – ಪೂರ್ಣಾಂಕ, ರೂಪಾಯಿಗಳಲ್ಲಿ; ತಿಳಿಯದಿದ್ದರೆ ಖಾಲಿ.

ಒಂದೊಂದು ಸಾಲಿಗೂ ಕಾರಣವಿದೆ. 05/06 ಎಂದು ಬರೆದರೆ ನಮಗೆ ಅದು ಜೂನ್ 5, ಅಮೆರಿಕದವರಿಗೆ ಮೇ 6. ಆದ್ದರಿಂದ 1988ರ ಐ.ಎಸ್.ಒ. 8601 ಎಂಬ ಅಂತರರಾಷ್ಟ್ರೀಯ ಮಾನಕವು ವರ್ಷವನ್ನು ಮೊದಲು ಬರೆಯಲು ಹೇಳುತ್ತದೆ. ಐ.ಎಫ್.ಎಸ್. ಸಂಕೇತದ ಐದನೆಯ ಸ್ಥಾನದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಬರೆದವರುಂಟು. ಇನ್ನು ಆದಾಯದ ಕಲಮು. "ಆದಾಯ ಸೊನ್ನೆ" ಎಂಬುದೂ "ಆದಾಯ ತಿಳಿದಿಲ್ಲ" ಎಂಬುದೂ ಒಂದೇ ಅಲ್ಲ. ಪರೀಕ್ಷೆಯಲ್ಲಿ ಸೊನ್ನೆ ಪಡೆದವನೂ ಪರೀಕ್ಷೆಗೆ ಗೈರುಹಾಜರಾದವನೂ ಬೇರೆಯಲ್ಲವೆ, ಹಾಗೆ.

ಇಂಥ ಒಪ್ಪಂದವನ್ನು ಯಂತ್ರಗಳೂ ಓದಬಲ್ಲ ರೀತಿಯಲ್ಲಿ ಬರೆಯಲು ಓಪನ್‌ಎಪಿಐ ಎಂಬ ಮಾನಕವುಂಟು. ಅದರಿಂದ ವಿನಂತಿ ಕಳುಹಿಸುವ ತಂತ್ರಾಂಶದ ಭಾಗವನ್ನು ತಾನಾಗಿಯೇ ಸಿದ್ಧಪಡಿಸಬಹುದು. ಬರೆಯುವವನು ಒಂದು ಕಲಮನ್ನು ಮರೆತರೆ, ಇಲ್ಲವೆ ಹೆಸರಿನ ಕಾಗುಣಿತ ತಪ್ಪಿದರೆ, ಟೈಪ್‌ಸ್ಕ್ರಿಪ್ಟ್, ಕಾಟ್ಲಿನ್ ಮೊದಲಾದ ಭಾಷೆಗಳಲ್ಲಿ ಆ ಕ್ಷಣವೇ ದೋಷ ಕಾಣಿಸಿಕೊಳ್ಳುತ್ತದೆ.

ಆದರೆ ಇಷ್ಟಕ್ಕೇ ಮೈಮರೆಯಕೂಡದು. ಕಂಪೈಲರ್ ಓದುವುದು ನಮ್ಮ ಮನೆಯೊಳಗಿನ ಬರಹವನ್ನು. ಹೊರಗಿನಿಂದ ಬರುವ ಉತ್ತರವನ್ನು ಅದು ಕಂಡಿಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟಿನಲ್ಲಿಯಂತೂ ತಂತ್ರಾಂಶ ಓಡುವಾಗ ಈ ಪ್ರಕಾರಗಳ ಗುರುತೇ ಉಳಿದಿರುವುದಿಲ್ಲ. ಆ ಕಡೆಯವರು ಒಪ್ಪಂದ ಮುರಿದರೆ? 2010ರ ಡಿಸೆಂಬರಿನಲ್ಲಿ ನಮ್ಮ ರೈಲುಗಳ ನಾಲ್ಕಂಕಿಯ ಸಂಖ್ಯೆಗಳು ಐದಂಕಿಯವಾದವು. ನಾಲ್ಕೇ ಅಂಕಿಗಳೆಂದು ನಂಬಿ ಕುಳಿತ ತಂತ್ರಾಂಶ ಅಂದು ಏನು ಮಾಡೀತು? ಆದ್ದರಿಂದ ಗಡಿಯಲ್ಲಿ ಒಂದು ಠಾಣೆ ಇರಬೇಕು. ಅಕ್ಕಲಕೋಟೆಯಿಂದ ಆಳಂದಕ್ಕೆ ಹೋಗಿ ಬರುವ ನಮಗೆ ಗಡಿಯೆಂದರೇನೆಂದು ಹೇಳಿಕೊಡಬೇಕಿಲ್ಲ. ಈ ಕಡೆ ನಡೆಯುವ ಕಾಗದವೆಲ್ಲ ಆ ಕಡೆ ನಡೆಯುವುದಿಲ್ಲ. ಹೊರಗಿನಿಂದ ಬಂದ ಪ್ರತಿಯೊಂದು ಉತ್ತರವನ್ನೂ ಠಾಣೆಯಲ್ಲಿ ನಿಲ್ಲಿಸಿ, ಒಪ್ಪಂದಕ್ಕೆ ಹೊಂದುತ್ತದೆಯೇ ಎಂದು ನೋಡಿ, ಹೊಂದಿದರೆ ಒಳಗೆ ಬಿಡಬೇಕು. ಇಲ್ಲವಾದರೆ ಯಾವ ಕಲಮು ತಪ್ಪೆಂದು ಹೆಸರಿಟ್ಟು ಹೇಳಬೇಕು. ನಮ್ಮ ಕಡತವನ್ನು ಪಡೆದ ಕಡೆ ಇಂಥ ಠಾಣೆ ಇದ್ದಿದ್ದರೆ, "ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ" ಎಂಬ ಉತ್ತರ ಅಂದೇ ಸಂಜೆ ನಮ್ಮ ಕೈ ಸೇರುತ್ತಿತ್ತು.

ಪ್ರಕಾರವನ್ನು ಎಷ್ಟು ಸೂಕ್ಷ್ಮವಾಗಿ ಹೇಳಬೇಕೆಂಬುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳ ಗ್ರಹದ ಬಳಿ ನಾಶವಾಯಿತು. ನೆಲದ ಮೇಲಿನ ಒಂದು ತಂತ್ರಾಂಶವು ನೂಕುಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಟ್ಟಿತ್ತು; ಪಡೆದ ತಂತ್ರಾಂಶವು ಅದನ್ನು ನ್ಯೂಟನ್ ಮಾನವೆಂದು ತಿಳಿದಿತ್ತು. ಎರಡೂ ಸಂಖ್ಯೆಗಳೇ! "ಸಂಖ್ಯೆ" ಎಂದಷ್ಟೇ ಹೇಳಿದರೆ ಸಾಲದು, ಯಾವ ಮಾನದ ಸಂಖ್ಯೆ ಎಂಬುದೂ ಪ್ರಕಾರದಲ್ಲಿ ಸೇರಬೇಕು. ಆದಾಯದ ಕಲಮಿನ ಮುಂದೆ ನಾವು "ರೂಪಾಯಿಗಳಲ್ಲಿ" ಎಂದು ಬರೆದದ್ದು ಅದಕ್ಕಾಗಿಯೇ.

ಕೊನೆಯದಾಗಿ ವ್ಯಾಕರಣದ ಮಿತಿಯನ್ನೂ ಹೇಳಬೇಕು. "ಕಲ್ಲು ಹಾಡಿತು" ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಕಲ್ಲು ಹಾಡುವುದಿಲ್ಲ. ಖಾತೆ ಸಂಖ್ಯೆಯ ಎರಡು ಅಂಕಿಗಳನ್ನು ನಾವು ಅದಲುಬದಲು ಮಾಡಿದ್ದರೂ ಅವು 14 ಅಂಕಿಗಳೇ ಆಗಿರುತ್ತಿದ್ದವು. ಪ್ರಕಾರದ ಪರೀಕ್ಷೆ ಅದನ್ನು ಹಿಡಿಯುತ್ತಿರಲಿಲ್ಲ. ಪ್ರಕಾರವು ರೂಪವನ್ನು ಕಾಯುತ್ತದೆ, ಸತ್ಯವನ್ನು ಕಾಯಬೇಕಾದವರು ಮನುಷ್ಯರು.

ಆ ವಿದ್ಯಾರ್ಥಿನಿಯ ಪರೀಕ್ಷಾ ಶುಲ್ಕವನ್ನು ಶಿಕ್ಷಕರೆಲ್ಲ ಸೇರಿ ಕಟ್ಟಿದೆವು. ತಿದ್ದಿದ ಕಡತ ಹೋದ ಮೇಲೆ ಹಣವೂ ಬಂದಿತು. ಅವಳೀಗ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಂದಿನಿಂದ ನಾವು ಕೋಷ್ಟಕದ ಖಾತೆ ಸಂಖ್ಯೆಯ ಕಲಮನ್ನು ಮೊದಲು "ಪಠ್ಯ" ಎಂದು ಗುರುತಿಸಿ, ಆಮೇಲೆ ತುಂಬುತ್ತೇವೆ. ತುಂಬಿದ್ದನ್ನು ಆಯಾ ವಿದ್ಯಾರ್ಥಿಯೇ ಗಟ್ಟಿಯಾಗಿ ಓದಿ ಒಪ್ಪಿದ ಹೊರತು ಕಳುಹಿಸುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ತಂತ್ರಾಂಶ ಬರೆಯುವವರಾಗುತ್ತೀರಿ. ಆಗ ಯಾವುದೇ ಕಲಮನ್ನು ರಚಿಸುವ ಮುನ್ನ "ಇದು ಎಣಿಕೆಯೋ, ಹೆಸರೋ? ಖಾಲಿ ಇರಬಹುದೋ, ಇರಕೂಡದೋ? ಯಾವ ಮಾನದ್ದು?" ಎಂದು ಕೇಳಿಕೊಳ್ಳಿರಿ. ನಿಮ್ಮ ಕಿಟಕಿಯ ಆಚೆ ನಿಂತವರು ಯಾವುದೋ ಊರಿನ ಬೀಡಿ ಕಟ್ಟುವ ತಾಯಿಯ ಮಗಳಾಗಿರಬಹುದು. ಅವಳ ಸೊನ್ನೆಗೆ ಬೆಲೆಯಿದೆ.