ಸೀತನಿಯ ಹದ ಎಷ್ಟು ದಿನ?

ಎಳ್ಳಮವಾಸ್ಯೆ ಬಂತೆಂದರೆ ಯಾದಗಿರಿ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ತೂಗುತ್ತಿರುತ್ತದೆ. ಹತ್ತಿಕುಣಿಯಿರಲಿ, ಶಹಾಪುರ–ಸುರಪುರದ ಕಡೆಯಿರಲಿ, ಬಿಳಿಜೋಳ ಬಿತ್ತಿದವರು ಮುಂದಿನ ಕೆಲವು ವಾರ ಬೀಗರು–ಬಿಜ್ಜರನ್ನು ಸೀತನಿ, ಅಂದರೆ ಸುಟ್ಟ ಎಳೆಜೋಳ, ತಿನ್ನಲು ಹೊಲಕ್ಕೆ ಕರೆಯುತ್ತಾರೆ. ಬಸ್ ನಿಲ್ದಾಣದ ಗಾಡಿಯಲ್ಲಿ ಸುಟ್ಟು ಕೊಡುವ ಮೆಕ್ಕೆಜೋಳಕ್ಕೂ ಇದಕ್ಕೂ ಊರು ಬೇರೆ: ಅದು ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದಲ್ಲಿ ಪಳಗಿದ ಬೆಳೆ, ಇದು ಆಫ್ರಿಕಾದಿಂದ ಬಂದದ್ದು. ಬೆಂಕಿಯ ಮುಂದೆ ಮಾತ್ರ ಎರಡರ ವಿಜ್ಞಾನ ಒಂದೇ.

ಸಿಹಿ ಎಲ್ಲಿಂದ ಬರುತ್ತದೆ? ಎಲೆ ತಯಾರಿಸಿದ ಸಕ್ಕರೆ ದಂಟಿನ ಮೂಲಕ ಕಾಳಿಗೆ ಇಳಿಯುತ್ತದೆ. ಕಾಳಿನೊಳಗಿನ ಕಿಣ್ವಗಳು ಅದನ್ನು ಒಂದಕ್ಕೊಂದು ಬೆಸೆದು ಪಿಷ್ಟ ಮಾಡುತ್ತವೆ. ಪಿಷ್ಟ ನಾಲಿಗೆಗೆ ಸಪ್ಪೆ. ಸಕ್ಕರೆ ಬಂದು ಸೇರುವುದಕ್ಕೂ ಅದು ಪಿಷ್ಟವಾಗಿ ಮುಗಿಯುವುದಕ್ಕೂ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಸೀತನಿಯ ಹದ ಇರುತ್ತದೆ. ಹಸಿರು ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಬಿಳಿ ಹಾಲು ಚಿಮ್ಮಿದರೆ ಇನ್ನೂ ಬೇಗ, ಸುಟ್ಟರೆ ಕಾಳು ಚಿಪ್ಪಿನಂತೆ ಸುಕ್ಕಾಗುತ್ತದೆ. ಮೆತ್ತಗಿನ ಹಿಟ್ಟು ಉಗುರಿಗೆ ಮೆತ್ತಿದರೆ ಸರಿಯಾದ ಹೊತ್ತು; ಆಗ ಕಾಳು ತನ್ನ ಪೂರ್ತಿ ಒಣತೂಕದ ಅರ್ಧದಷ್ಟನ್ನು ಮಾತ್ರ ತುಂಬಿಕೊಂಡಿರುತ್ತದೆ. ಉಗುರು ಇಳಿಯದಿದ್ದರೆ ರೊಟ್ಟಿಗೇ ಬಿಡಿ. ಬಲಿತ ಕಾಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ತಾಯಿಗಿಡದಿಂದ ಬರುವ ಪೂರೈಕೆ ಅಲ್ಲಿಗೆ ಬಂದ್ ಆಯಿತೆಂದು ಅದರ ಅರ್ಥ. ಮೆಕ್ಕೆಜೋಳದಲ್ಲೂ ಹೀಗೆಯೇ.

ತೆನೆ ಮುರಿದ ಮಾತ್ರಕ್ಕೆ ಕಿಣ್ವಗಳು ಸುಮ್ಮನಾಗುವುದಿಲ್ಲ. ಹಳೆಯ ಸಿಹಿ ಮೆಕ್ಕೆಜೋಳದ ತಳಿಗಳಲ್ಲಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದೇ ದಿನಕ್ಕೆ ಸಕ್ಕರೆಯ ಅರ್ಧದಷ್ಟು ಹೋಗಿಬಿಡುತ್ತದೆ. ಈಗಿನ ಅತಿಸಿಹಿ ತಳಿಗಳಲ್ಲಿ ಪಿಷ್ಟ ಕಟ್ಟುವ ವೇಗವೇ ಕಡಿಮೆ, ಹಾಗಾಗಿ ಅವು ಸ್ವಲ್ಪ ತಾಳುತ್ತವೆ. ಸೀತನಿಯನ್ನು ಊರಿಗೆ ತರದೆ ಹೊಲದಲ್ಲೇ ಸುಡುವುದರಲ್ಲಿ ಸೊಗಸಿನ ಜೊತೆ ಇಂಥ ಲೆಕ್ಕವೂ ಇದೆ. ಬೆಂಕಿ ತಾಗಿದ ಕೂಡಲೇ ಕಿಣ್ವ ಸಾಯುತ್ತದೆ, ಉಳಿದ ಸಿಹಿ ಉಳಿದುಕೊಳ್ಳುತ್ತದೆ.

ಬೆಂಕಿಗೆ ಕುಳ್ಳೇ (ಬೆರಣಿ) ಆಗಬೇಕು. ಕುಳ್ಳು ಧಗಧಗ ಉರಿಯದೆ ಒಳಗೊಳಗೇ ಕೆಂಡವಾಗುತ್ತದೆ. ಮೇಲಿನ ಬೂದಿ ಕಾವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ತೆನೆಗಳನ್ನು ಅದರಲ್ಲಿ ಹೂತಾಗ ತೆಳುವಾದ ಹೊಟ್ಟು ಮೊದಲು ಒಣಗಿ ಗರಿಯಾಗುತ್ತದೆ. ಒಳಗಿನ ಕಾಳು ತನ್ನದೇ ನೀರಿನಲ್ಲಿ ಬೇಯುತ್ತದೆ. 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟ ಉಬ್ಬಿ ಮೆತ್ತಗಾಗುತ್ತದೆ. ಅಂಗೈಯಲ್ಲಿ ಉಜ್ಜಿದರೆ ಹೊಟ್ಟು ಪುಡಿಪುಡಿ, ಕಾಳು ಇಡಿಯಾಗಿ ಉದುರುತ್ತದೆ.

ತೇವ ಇರುವವರೆಗೆ ಕಾಳಿನ ಬಿಸಿ 100 ಡಿಗ್ರಿ ದಾಟದು. ಮೈ ಒಣಗಿ 140 ಡಿಗ್ರಿಯತ್ತ ಏರಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣ, ಸುಟ್ಟ ಘಮ ಹುಟ್ಟುತ್ತದೆ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವರ ಹೆಸರೇ ಇದೆ. ಕುದಿಸಿದ ತೆನೆಗೆ ಈ ಘಮ ಬಾರದಿರುವುದು ಇದಕ್ಕೇ. ಎಳೆಗಾಳು ಅರಳಿ ಹೂವಾಗುವುದೂ ಇಲ್ಲ: ಸುಮಾರು 180 ಡಿಗ್ರಿಯ ತನಕ ಆವಿಯನ್ನು ಬಿಗಿಹಿಡಿಯುವ ಗಟ್ಟಿ ಸಿಪ್ಪೆ ಅದಕ್ಕಿಲ್ಲ.

ಉರಿಯಲ್ಲಿ ತೆನೆ ಹಿಡಿಯುವವರನ್ನು ಕಂಡರೆ ನನಗೆ ತಡೆಯಲಾಗದು. ಉರಿಯ ಮಸಿಯಲ್ಲಿ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳಿರುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಮೆಕ್ಕೆ ತೆನೆಯನ್ನು ಸಿಪ್ಪೆಸಹಿತ ಕೆಂಡದಲ್ಲಿಟ್ಟು ಒಳಗೇ ಹಬೆಯಾಡಲು ಬಿಡಿ, ಆಮೇಲೆ ಸುಲಿದು ಒಂದೆರಡು ನಿಮಿಷ ಕೆಂಪಗೆ ಮಾಡಿ. ಸೀತನಿಗೆ ಶೇಂಗಾ ಹಿಂಡಿ ಇರಲಿ, ಗಟ್ಟಿ ಮೊಸರೂ ಇರಲಿ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಮೊಸರಿನಲ್ಲಿದೆ. ಪೇಟೆಯಲ್ಲಿ ತೆನೆ ಕೊಳ್ಳುವಾಗ ಖಾರ, ನಿಂಬೆ ನೋಡುವ ಮೊದಲು ಯಾವತ್ತು ಮುರಿದದ್ದೆಂದು ಕೇಳಿ. ಮೊನ್ನೆಯದು ಅಂದರೆ ಮುಂದಿನ ಗಾಡಿಗೆ ಹೋಗಿ.