ತೊಗರಿ ಸೀಮೆಯಲ್ಲಿ ಶುದ್ಧ ಇಂಧನ: ಅನುಕೂಲಗಳು ಮತ್ತು ಅಡಚಣೆಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗಗಳು ತೊಗರಿಗೂ ಸುಣ್ಣದ ಕಲ್ಲಿಗೂ ಹೆಸರಾದವು. ಇಲ್ಲಿನ ಅನೇಕ ಮನೆಗಳಲ್ಲಿ ಇಂದಿಗೂ ತೊಗರಿ ಕಟ್ಟಿಗೆ ಮತ್ತು ಕುಳ್ಳು ಒಲೆಗೆ ಆಧಾರ. ಸಗಣಿಯನ್ನು ಕುಳ್ಳು ಮಾಡಿ ಸುಟ್ಟರೆ ಅದರಲ್ಲಿನ ಸಾರಜನಕ ಹೊಗೆಯೊಡನೆ ಹೋಗುತ್ತದೆ. ಹೊಲಕ್ಕೆ ಸಿಗುವುದು ಬೂದಿ ಮಾತ್ರ. ಗೋಬರ್ ಗ್ಯಾಸ್, ಸುಧಾರಿತ ಒಲೆ ಮತ್ತು ಸೌರ ಪಂಪ್‌ಸೆಟ್ ಈ ನಷ್ಟವನ್ನು ತಗ್ಗಿಸಬಲ್ಲವು. ಆದರೆ ಈ ಭಾಗದ ಮಣ್ಣು, ಕಲ್ಲು ಮತ್ತು ನೀರಿನ ಸ್ಥಿತಿ ತಿಳಿಯದೆ ಹಣ ಹೂಡಿದರೆ ಸಾಲ ಮಾತ್ರ ಉಳಿದೀತು.

ಗೋಬರ್ ಗ್ಯಾಸ್

2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ ಮತ್ತು ಅಷ್ಟೇ ಲೀಟರ್ ನೀರು ಬೇಕು. ಒಂದು ದೊಡ್ಡ ಜಾನುವಾರಿನಿಂದ ದಿನಕ್ಕೆ 10 ಕಿಲೋ ಸಗಣಿ ಎಂದು ಹಿಡಿದರೆ ಐದು ಜಾನುವಾರುಗಳು ಅವಶ್ಯ. ಇದರಿಂದ ಐದಾರು ಜನರ ಕುಟುಂಬದ ಅಡಿಗೆ ಆಗುತ್ತದೆ. ಟ್ರ್ಯಾಕ್ಟರ್ ಬಂದು ಎತ್ತುಗಳನ್ನು ಮಾರಿದ ಮನೆಯವರು ದೊಡ್ಡ ಸ್ಥಾವರಕ್ಕೆ ಹೋಗದೆ, 25 ಕಿಲೋ ಸಗಣಿ ಸಾಕಾಗುವ 1 ಘನ ಮೀಟರ್ ಸ್ಥಾವರವನ್ನು ಆರಿಸುವುದು ಹಿತಕರ.

ನೆಲದೊಳಗೆ ಕಟ್ಟುವ ದೀನಬಂಧು ಮಾದರಿ 1984ರಲ್ಲಿ ಬಳಕೆಗೆ ಬಂದಿತು. ಶಹಾಬಾದ್, ವಾಡಿ ಕಡೆ ಮೇಲ್ಮಣ್ಣಿನ ಕೆಳಗೇ ಫರಸಿ ಕಲ್ಲಿನ ಪದರ ಸಿಗುವ ಜಾಗದಲ್ಲಿ ಗುಂಡಿ ತೋಡುವ ಖರ್ಚು ಹೆಚ್ಚಾಗುತ್ತದೆ. ಅಂಥಲ್ಲಿ ನೆಲದ ಮೇಲೆ ಇಡುವ ಸಿದ್ಧ ಟಾಕಿಯ ಮಾದರಿ ಉತ್ತಮ. ಆಳವಾದ ಕಪ್ಪು ಮಣ್ಣಿನಲ್ಲಿ ಅಡಚಣೆ ಬೇರೆ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗುಮ್ಮಟ ಸೀಳಿ ಅನಿಲ ಸೋರುತ್ತದೆ. ಗಟ್ಟಿ ಪದರ ಸಿಗುವವರೆಗೆ ಪಾಯ ತೆಗೆದು, ಗೋಡೆಯ ಸುತ್ತ ಕಪ್ಪು ಮಣ್ಣಿನ ಬದಲು ಗರಸು ತುಂಬಿ ದಮ್ಮಸು ಮಾಡಬೇಕು.

ಮೊದಲ ಸಲ ತುಂಬಲು ಸುಮಾರು 2 ಟನ್ ಸಗಣಿ ಕೂಡಿಸಿಟ್ಟುಕೊಂಡಿರಬೇಕು. ಆರಂಭದಲ್ಲಿ ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದಕ್ಕೆ ಬೆಂಕಿ ತೋರಿಸದೆ ಹೊರಗೆ ಬಿಡಬೇಕು. ಬೇಸಿಗೆಯಲ್ಲಿ ನೀರಿನ ಕೊರತೆಯಾದಾಗ ಗಂಜಲ ಮತ್ತು ಸೋಪು ಬೆರೆಯದ ಅಡಿಗೆಮನೆಯ ನೀರನ್ನು ಬಳಸಬಹುದು. ಹೊರಬರುವ ಬಗ್ಗಡವನ್ನು ತಿಪ್ಪೆಯ ಕಸದೊಡನೆ ಪದರ ಪದರವಾಗಿ ಕೊಳೆಸಿ ಹೊಲಕ್ಕೆ ಹಾಕಿದರೆ ಮಣ್ಣಿನ ಸಾವಯವ ಅಂಶ ಹೆಚ್ಚುತ್ತದೆ.

ತೊಗರಿ ಕಟ್ಟಿಗೆ

ಒಂದು ಕ್ವಿಂಟಲ್ ತೊಗರಿ ಕಾಳಿಗೆ ಸುಮಾರು ಎರಡರಿಂದ ಮೂರು ಕ್ವಿಂಟಲ್ ಕಟ್ಟಿಗೆ ದೊರೆಯುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಇದರ ಶಾಖದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಗೆ ತಲುಪುತ್ತದೆ. ಹೊಗೆ ಅಡಿಗೆ ಮಾಡುವ ಹೆಣ್ಣುಮಕ್ಕಳ ಎದೆ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ ಹೊಗೆಕೊಳವೆಯ ಒಲೆಗಳು ಕಟ್ಟಿಗೆಯನ್ನು ಬಹಳಷ್ಟು ಉಳಿಸುತ್ತವೆ. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ ತಿರುಗುತ್ತದೆ. ಅಭಯಾರಣ್ಯವಿರುವ ಚಿಂಚೋಳಿ ಭಾಗದಲ್ಲಿ ಇಂಥ ಒಲೆಯಿಂದ ಕಾಡಿನ ಸೌದೆಯೂ ಉಳಿಯುತ್ತದೆ.

ಸಿಮೆಂಟ್ ಭಟ್ಟಿಗಳಲ್ಲಿ ಕಲ್ಲಿದ್ದಲಿನ ಜೊತೆಗೆ ಕೃಷಿ ತ್ಯಾಜ್ಯವನ್ನೂ ಉರಿಸಬಹುದು. ಕಾರ್ಖಾನೆಗಳು ಹತ್ತಿರವಿರುವುದರಿಂದ ತೊಗರಿ ಕಟ್ಟಿಗೆಗೆ ಬೇಡಿಕೆ ಬರುವ ಸಾಧ್ಯತೆ ಇದೆ. ಬಿಡಿ ಕಟ್ಟಿಗೆ ಹಗುರವಾಗಿದ್ದು ಗಾಡಿಯಲ್ಲಿ ಜಾಗ ಹಿಡಿಯುವುದರಿಂದ ಸಾಗಣೆ ವೆಚ್ಚವೇ ಲಾಭವನ್ನು ನುಂಗುತ್ತದೆ. ಹಲವು ರೈತರು ಕೂಡಿ, ಕತ್ತರಿಸಿ, ಒತ್ತಿ ಇಟ್ಟಿಗೆಯಂತೆ ಮಾಡಿ ಮಾರಿದರೆ ಅನುಕೂಲ. ಎಲ್ಲ ಕಟ್ಟಿಗೆಯನ್ನೂ ಮಾರದೆ, ಉದುರಿದ ಎಲೆ, ಹೊಟ್ಟುಗಳನ್ನು ಹೊಲಕ್ಕೇ ಬಿಡುವುದು ಒಳ್ಳೆಯದು. ನೆಟೆ ರೋಗ ತಗುಲಿದ ಗಿಡಗಳನ್ನು ಮಾತ್ರ ಪುಡಿ ಮಾಡಿ ಹೊಲದಲ್ಲಿ ಬಿಡಬಾರದು. ರೋಗದ ಶಿಲೀಂಧ್ರ ಬೇರು-ಕೊಳೆಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅವನ್ನು ಬೇರುಸಹಿತ ಕಿತ್ತು ಉರುವಲಾಗಿ ಬಳಸಬೇಕು.

ಸೌರ ಪಂಪ್‌ಸೆಟ್

2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಡಿ ಸೌರ ಪಂಪ್‌ಸೆಟ್‌ಗೆ ಸಹಾಯಧನವಿದೆ. 5 ಅಶ್ವಶಕ್ತಿಯ ಪಂಪಿಗೆ ಸುಮಾರು 4.8 ಕಿಲೋವ್ಯಾಟ್ ಫಲಕಗಳು ಬೇಕು. ಹಗಲಿನಲ್ಲೇ ನೀರು ಹಾಯಿಸಬಹುದಾದ್ದರಿಂದ ರಾತ್ರಿ ಹಾವು-ಚೇಳುಗಳ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಧೂಳು. ಸಿಮೆಂಟ್ ಕಾರ್ಖಾನೆ, ಫರಸಿ ಪಾಲಿಶ್ ಘಟಕಗಳ ಸಮೀಪ ಫಲಕದ ಮೇಲೆ ಕೂತ ಧೂಳು ಇಬ್ಬನಿಗೆ ಗಟ್ಟಿಯಾಗಿ ಅಂಟುತ್ತದೆ. ಅದನ್ನು ಆಗಾಗ ಬೆಳಗಿನ ತಂಪಿನಲ್ಲಿ ಮೊದಲು ಮೃದು ಕುಂಚದಿಂದ ಝಾಡಿಸಿ, ಅನಂತರ ತೊಳೆಯಬೇಕು. ಸುಣ್ಣದ ಗಡಸು ನೀರು ಕಲೆ ಬಿಡುವುದರಿಂದ ಕೂಡಲೇ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹಾಕಿದರೆ ಬಿರುಕು ಬಿಡಬಹುದು.

ಎರಡನೆಯದು ಬಿಸಿಲಿನ ತಾಪ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಫಲಕದ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.4ರ ಆಸುಪಾಸು ಶಕ್ತಿ ಕಡಿಮೆಯಾಗುತ್ತದೆ. ಆದ್ದರಿಂದ ಫಲಕದ ಕೆಳಗೆ ಗಾಳಿ ಆಡುವಂತಿರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಾವಿಯಲ್ಲಿ ನೀರಿಲ್ಲದಿದ್ದರೆ ಫಲಕವಿದ್ದೂ ಫಲವಿಲ್ಲ. ಮೊದಲು ಬೇಸಿಗೆಯ ನೀರಿನ ಮಟ್ಟವನ್ನು ಅಳೆದು, ಅದಕ್ಕೆ ತಕ್ಕ ಪಂಪನ್ನು ಆರಿಸಬೇಕು. ಬಿಸಿಲು ಬಿಟ್ಟಿ ಎಂದು ದಿನವಿಡೀ ನೀರೆತ್ತಿದರೆ ಅಂತರ್ಜಲ ಬತ್ತುತ್ತದೆ. ಹನಿ ನೀರಾವರಿಯಿಂದ ತೊಗರಿಯ ಹೂವು ಮತ್ತು ಕಾಯಿ ಕಟ್ಟುವ ಹಂತಗಳಲ್ಲಿ ನೀರು ಕೊಡುವುದೇ ಜಾಣತನ. ಪಂಪು ನಿಂತಿರುವ ತಿಂಗಳುಗಳಲ್ಲಿ ಸೂಕ್ತ ನಿಯಂತ್ರಕವಿದ್ದರೆ ಅದೇ ವಿದ್ಯುತ್ತಿನಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ನಡೆಸಬಹುದು.

ಜಾನುವಾರು ಮತ್ತು ನೀರು ಇದ್ದವರು ಗೋಬರ್ ಗ್ಯಾಸನ್ನೂ, ಕಟ್ಟಿಗೆ ಮಾತ್ರ ಇದ್ದವರು ಸುಧಾರಿತ ಒಲೆಯನ್ನೂ, ನಂಬಿಕೆಯ ಬಾವಿ ಇದ್ದವರು ಸೌರ ಪಂಪನ್ನೂ ಮೊದಲು ಆರಿಸಿಕೊಳ್ಳುವುದು ಸೂಕ್ತ. ಸಹಾಯಧನದ ಪ್ರಮಾಣ ಬದಲಾಗುತ್ತಿರುವುದರಿಂದ, ಮುಂಗಡ ಕೊಡುವ ಮೊದಲು ರೈತ ಬಾಂಧವರು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕ್ರೆಡಲ್ ಕಚೇರಿಯಲ್ಲಿ ವಿಚಾರಿಸಿ, ದುರಸ್ತಿಯ ಹೊಣೆಯನ್ನು ಲಿಖಿತವಾಗಿ ಪಡೆಯಬೇಕು.